ಹಿತ್ತಲಿನ ಬಾಡಿಗೆ ಕೋಣೆಗೆ ಏಸಿ, ಗೀಸರ್ ಹಾಕಿಸುವ ಮೊದಲು

ದಾವಣಗೆರೆಯ ನಮ್ಮ ಮನೆಯ ಹಿತ್ತಲಿನಲ್ಲಿ 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯನ್ನೂ ಅದಕ್ಕೆ ತಾಗಿದಂತೆ ಒಂದು ಬಚ್ಚಲನ್ನೂ ಕಟ್ಟಿಸಿ, ಕಾಲೇಜಿಗೆ ಹೋಗುವ ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೆ. ಕಟ್ಟಿಸುವಾಗ ದೀಪ ಮತ್ತು ಫ್ಯಾನಿನ ಲೆಕ್ಕವನ್ನಷ್ಟೇ ಹಾಕಿ, ಮನೆಯ ಬೋರ್ಡಿನಿಂದಲೇ 1.5 ಚದರ ಮಿಲಿಮೀಟರ್ ವೈರನ್ನು ಎಳೆಸಿದ್ದೆ. ಮುಂದಿನ ಎಲ್ಲ ತೊಂದರೆಯೂ ಅಲ್ಲಿಂದಲೇ ಹುಟ್ಟಿತು.

ಏಪ್ರಿಲ್ ಬಂದಾಗ ಹಗಲಿಡೀ ಕಾದ ತಾರಸಿ ರಾತ್ರಿ ಹತ್ತಾದರೂ ಶಾಖ ಬಿಡುತ್ತಿದ್ದುದರಿಂದ ಹುಡುಗರು ಅಂಗಳದಲ್ಲಿ ಮಲಗತೊಡಗಿದರು. ಕನಿಕರದಿಂದ ಅಂಗಡಿಗೆ ಹೋದೆ. ಅಲ್ಲಿಯವರು ಕೋಣೆಯನ್ನಾಗಲಿ ವೈರನ್ನಾಗಲಿ ನೋಡದೆ 1.5 ಟನ್ನಿನ ಏಸಿಯನ್ನು ಕಳುಹಿಸಿದರು. ಅಷ್ಟು ಚಿಕ್ಕ ಕೋಣೆಗೆ ಸಾಮಾನ್ಯವಾಗಿ 1 ಟನ್, ಅಂದರೆ ಗಂಟೆಗೆ 12,000 ಬಿಟಿಯು ಶಾಖ ತೆಗೆಯುವ ಯಂತ್ರ, ಸಾಕಾಗುತ್ತದೆ. ತಾರಸಿಗೆ ಮೊದಲು ಬಿಳಿ ಬಣ್ಣ ಬಳಿಸಿ ಕಿಟಕಿಯಲ್ಲಿ ಒಂದು ಕೂಲರ್ ಇಡಿಸಿದ್ದರೂ ನಮ್ಮೂರಿನ ಒಣ ಬೇಸಿಗೆ ಕಳೆಯುತ್ತಿತ್ತು ಎಂಬುದು ನನಗೆ ಈಗ ಅನ್ನಿಸುತ್ತದೆ. ಏಸಿಯ ಜೊತೆಗೆ 2 ಕಿಲೋವ್ಯಾಟಿನ ಗೀಸರ್ ಕೂಡ ಅದೇ ವೈರಿನಲ್ಲಿತ್ತು. ಎರಡೂ ಸೇರಿ ಸುಮಾರು 16 ಆಂಪಿಯರ್ ಎಳೆಯುತ್ತಿದ್ದಾಗ ಒಂದು ಸಂಜೆ ಪ್ಲಗ್ ಪಾಯಿಂಟ್ ಕರಗಿ ಸುಟ್ಟ ವಾಸನೆ ಮನೆಯೊಳಗೂ ಬಂದಿತು.

ಮೀಟರಿನಿಂದ 4 ಚದರ ಮಿಲಿಮೀಟರಿನ ಬೇರೆ ವೈರು, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬಂದ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು, ಬೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳಬೇಕು ಎಂದು ವೈರಿಂಗ್‌ನವರು ಹೇಳಿದರು. ಖರ್ಚಿಗೆ ಹೆದರಿ ನಾನು ಅದನ್ನು ಮುಂದೂಡಿದೆ. ಕರೆಂಟಿನ ಗೀಸರನ್ನು ಬಿಚ್ಚಿಸಿ, ಪರಿಚಿತರೊಬ್ಬರ ಮಾತಿನ ಮೇಲೆ ಬಚ್ಚಲೊಳಗೆ ಗ್ಯಾಸ್ ಗೀಸರ್ ಹಾಕಿಸಿದೆ. ಇದಕ್ಕಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಜನವರಿಯ ಚಳಿಗೆ ಹುಡುಗರು ಬಚ್ಚಲಿನ ಗವಾಕ್ಷಿಗೆ ರಟ್ಟು ಮುಚ್ಚಿದ್ದರು. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವನು ಎಷ್ಟು ಕೂಗಿದರೂ ಓಗೊಡದಿದ್ದಾಗ, ಅವನ ಜೊತೆಗಾರನೂ ನಾನೂ ಚಿಲಕ ಮುರಿದು ಒಳಹೊಕ್ಕೆವು. ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು, ಅವನು ನೆಲದ ಮೇಲೆ ಬಿದ್ದಿದ್ದ. ಹೊರಗೆ ಗಾಳಿಗೆ ಎಳೆದು ತಂದು ಆಸ್ಪತ್ರೆಗೆ ಸಾಗಿಸಿ, ಆಮ್ಲಜನಕ ಕೊಟ್ಟ ಮೇಲೆ ಉಳಿದುಕೊಂಡ. ಗಾಳಿ ಸಾಲದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಗ್ಯಾಸ್ ಸೋರಿದ್ದರೆ ವಾಸನೆಯಾದರೂ ಬರುತ್ತದೆ, ಇದು ಹಾಗಲ್ಲ. ಅವನ ತಂದೆ ಊರಿನಿಂದ ಓಡಿ ಬಂದಾಗ ನನಗೆ ಮಾತೇ ಹೊರಡಲಿಲ್ಲ.

ಅದೇ ವಾರ ಹೊಸ ವೈರು ಎಳೆಸಿದೆ. ಅದಕ್ಕೆ ತಗುಲಿದ ಹಣ ಏಸಿಯ ಬೆಲೆಗಿಂತ ಬಹಳ ಕಡಿಮೆ. ನಿಮ್ಮ ಬಾಡಿಗೆ ಕೋಣೆಯ ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ, ದಯವಿಟ್ಟು ನಾಳೆಯ ಸ್ನಾನಕ್ಕೆ ಮೊದಲೇ ರೆಗ್ಯುಲೇಟರ್ ಬಂದ್ ಮಾಡಿ, ಅದನ್ನು ಬಿಚ್ಚಿಸುವವರೆಗೆ ನಿಮ್ಮ ಮನೆಯ ಒಲೆಯ ಮೇಲೆಯೇ ನೀರು ಕಾಯಿಸಿಕೊಡಿ.