ಲೈವ್ ಕ್ಲಾಸೋ, ವಾಯ್ಸ್ ಮೆಸೇಜೋ? ಮಕ್ಕಳ ಸಂಗೀತಕ್ಕೆ ನನಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಟ್ಸ್‌ಆಪ್ ವಾಯ್ಸ್ ಮೆಸೇಜಿಗೆ. ಇದು ಗೊತ್ತಾಗುವ ಹೊತ್ತಿಗೆ ಒಂದು ಮೀಟಿಂಗ್ ಆಪ್‌ಗೆ ಮೂರು ತಿಂಗಳು ದುಡ್ಡು ಕಟ್ಟಿದ್ದೆ. 2,800 ರೂಪಾಯಿ ಕೊಟ್ಟು ಮೈಕ್ ಕೂಡ ತರಿಸಿದ್ದೆ.

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಗೆ ಸಂಜೆ 5ಕ್ಕೆ ಹನ್ನೆರಡು ಮಕ್ಕಳು ಬರುತ್ತಿದ್ದರು. ಶಾಲೆಯ ಬ್ಯಾಗು ಮೂಲೆಗೆ ಹಾಕಿ ಹಾರ್ಮೋನಿಯಂ ಮುಂದೆ ಕೂರುತ್ತಿದ್ದರು. ಹಿಂದೂಸ್ತಾನಿ ಪಾಠ, ಜೊತೆಗೆ ವಚನ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು, ಹಾಲ್ ಖಾಲಿಯಾಯಿತು. ವಾಟ್ಸ್‌ಆಪ್ ಗ್ರೂಪ್ ಕಾಲ್‌ನಲ್ಲಿ ಆಗ 4 ಜನಕ್ಕಷ್ಟೇ ಜಾಗ. ಹಾಗಾಗಿ ಮೀಟಿಂಗ್ ಆಪ್ ಹಿಡಿದೆ. ಪುಕ್ಕಟೆಯಾದರೆ 40 ನಿಮಿಷಕ್ಕೆ ನಿಲ್ಲುತ್ತದೆ ಅಂತ ಹಣ ಕಟ್ಟಿದೆ.

ಮೊದಲ ದಿನವೇ ಒಂದು ಹುಡುಗಿ ಕೇಳಿದಳು, "ಮಿಸ್, ತಂಬೂರಿ ಹಾಕಿಲ್ವಾ?" ಹಾಡಿಗೆ ಆಧಾರವಾಗಿ ಶ್ರುತಿ ಹಿಡಿದುಕೊಡುವ ತಂಬೂರಿ ನನ್ನ ಪಕ್ಕದಲ್ಲೇ ನುಡಿಯುತ್ತಿತ್ತು! ಸೌಂಡ್ ಜಾಸ್ತಿ ಮಾಡಿದೆ. ಎರಡು ಸೆಕೆಂಡ್ ಕೇಳಿಸಿ ಮತ್ತೆ ಮಾಯ. ಮೈಕಿನ ದೋಷ ಇರಬೇಕು ಅಂತ ಹೊಸ ಮೈಕ್ ತರಿಸಿದೆ. ಆಗಲೂ ಅದೇ ಕಥೆ.

ಆಮೇಲೆ ಅರ್ಥವಾಯಿತು. ಈ ಆಪ್‌ಗಳು ಇರುವುದು ಮಾತಿಗೆ. ಫ್ಯಾನು, ಮಿಕ್ಸಿಯಂಥ ಬಿಡದೆ ಬರುವ ಸದ್ದನ್ನು ಗಲಾಟೆ ಅಂದುಕೊಂಡು ಅಳಿಸಿಬಿಡುತ್ತವೆ. ತಂಬೂರಿಯ ಗುಣವೇ ಬಿಡದೆ ನುಡಿಯುವುದು ಅಲ್ವಾ? ಮಗು ಉಸಿರು ಹಿಡಿದು ಉದ್ದಕ್ಕೆ "ಸಾ" ಹಾಡಿದರೆ ಅದೂ ನಡುವೆ ತುಂಡಾಗುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಹೀಗೆ ಸದ್ದು ಅಳಿಸುವ ಸೆಟ್ಟಿಂಗ್ ಹುಡುಕಿ ಬದಲಿಸಿದೆ, ತಂಬೂರಿ ಬಂತು. ಆದರೆ ಮಗು ಬಾಯಿ ತೆರೆದ ಕೂಡಲೇ ನನ್ನ ಕಡೆಯ ಸದ್ದು ಅಡಗುತ್ತಿತ್ತು. ಶ್ರುತಿ ಬೇಕಾದ ಗಳಿಗೆಯಲ್ಲೇ ಶ್ರುತಿ ಇಲ್ಲ. ಭೂಪ್ ರಾಗದಲ್ಲಿ ಗಾಂಧಾರ, ಅಂದರೆ "ಗ" ಸ್ವರ, ಮೆಲ್ಲಗೆ ಇಳಿಯುತ್ತಿತ್ತು, ಇಳಿದಿದ್ದು ಹಾಡುವ ಮಗುವಿಗೇ ಗೊತ್ತಾಗುತ್ತಿರಲಿಲ್ಲ. ಆ ಒಂದು ತಿಂಗಳು ನನಗೆ ನಿಜಕ್ಕೂ ಅಳು ಬಂದಿತ್ತು. ಎರಡು ವರ್ಷ ಕೂತು ಕಟ್ಟಿದ ಕಿವಿ ಅದು.

ಒಟ್ಟಿಗೆ ಹಾಡುವುದಂತೂ ಆಗದ ಮಾತು. ತೀನ್‌ತಾಲ್ ಅನ್ನುವ ತಾಳವನ್ನು ನಿಮಿಷಕ್ಕೆ 120 ಮಾತ್ರೆಯ (ತಾಳದ ಎಣಿಕೆಯ) ವೇಗದಲ್ಲಿ ಹಾಕುವಾಗ, ನೆಟ್‌ನಲ್ಲಿ ಸದ್ದು ತಲುಪುವುದು ಕಾಲು ಸೆಕೆಂಡ್ ತಡವಾದರೆ ಅರ್ಧ ಮಾತ್ರೆ ಹೋಯಿತು.

ಯೂಟ್ಯೂಬಿಗೆ ಪಾಠ ಹಾಕಿ ನೋಡಿದೆ. ಮಕ್ಕಳು ನೋಡಿದರು, ಹಾಡಲಿಲ್ಲ.

ಈಗ ವಾಯ್ಸ್ ಮೆಸೇಜಿನ ಕ್ರಮ ಹೇಳುತ್ತೇನೆ. ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿಗೆ (ಕಪ್ಪು 4) ತಂಬೂರಿ ಇಟ್ಟು ಎರಡು ನಿಮಿಷದ ಪಾಠ ಹಾಡಿ ಕಳಿಸುತ್ತೇನೆ. ಮಗು ಅದನ್ನು ಹತ್ತು ಸಲ ಕೇಳಿ, ತನ್ನ ಹಾಡು ರೆಕಾರ್ಡ್ ಮಾಡಿ ಕಳಿಸುತ್ತದೆ. ನಾನು ಇಲ್ಲಿ ತಂಬೂರಿ ಹಚ್ಚಿಕೊಂಡು ಅದನ್ನು ಕೇಳುತ್ತೇನೆ. ಎಲ್ಲಿ ಜಾರಿತು ಅಂತ ಅಲ್ಲೇ ಸಿಗುತ್ತದೆ. ಆ ಒಂದು ಸಾಲನ್ನಷ್ಟೇ ಹಾಡಿ ತಿರುಗಿ ಕಳಿಸುತ್ತೇನೆ. ಒಬ್ಬ ಹುಡುಗನ ಅಪ್ಪನಿಗೆ ಮಂಡಿಪೇಟೆಯಲ್ಲಿ ಅಂಗಡಿ. ಲಾಕ್‌ಡೌನ್ ಸಡಿಲಾಗಿ ಅಂಗಡಿ ತೆರೆದ ಮೇಲೆ ಅಪ್ಪನ ಜೊತೆ ಹೋದ ಫೋನ್ ಮನೆಗೆ ಬರುವುದೇ ರಾತ್ರಿ 8ಕ್ಕೆ. ಸಂಜೆ 5ರ ಲೈವ್ ಕ್ಲಾಸಿನಿಂದ ಅವನಿಗೇನು ಉಪಯೋಗ? ದೊಡ್ಡಬಾತಿ ಹಳ್ಳಿಯ ಹುಡುಗಿ ಸಿಗ್ನಲ್ ಸಿಕ್ಕಾಗ ಕಳಿಸುತ್ತಾಳೆ. ಡೇಟಾ ಖರ್ಚು ಏನೂ ಅಲ್ಲ.

ಹಾರ್ಮೋನಿಯಂ ಮೇಲೆ ಬೆರಳು ಹೇಗಿದೆ ಅನ್ನುವುದು ಮಾತ್ರ ದನಿಯಲ್ಲಿ ಕಾಣದು. ಅದಕ್ಕೆ ಭಾನುವಾರ ಅರ್ಧ ಗಂಟೆ ಲೈವ್ ಇಟ್ಟುಕೊಂಡೆ, ಪುಕ್ಕಟೆಯ 40 ನಿಮಿಷದೊಳಗೇ. ಅಲ್ಲಿ ಪಾಠಕ್ಕಿಂತ ಮುಖ ನೋಡುವುದೇ ಹೆಚ್ಚು. ಅದೂ ಬೇಕಿತ್ತು ಮಕ್ಕಳಿಗೆ.

ನಾನು ಬೆಳಗ್ಗೆ 5ಕ್ಕೆ ಏಳುವವಳು. ಹನ್ನೆರಡು ಮೆಸೇಜ್ ಒಂದೊಂದಾಗಿ ಕೇಳಲು ನನಗೆ ಹೊತ್ತಿದೆ. ತಿಂಗಳಿಗೆ 300 ರೂಪಾಯಿ ಫೀಸಿನಲ್ಲಿ ಆಪ್‌ಗೆ ಕಟ್ಟುವ ಶಕ್ತಿ ಇಲ್ಲ. ಇಬ್ಬರೇ ಶಿಷ್ಯರಿದ್ದು, ಅವರ ಮನೆಯಲ್ಲಿ ಒಳ್ಳೆ ಬ್ರಾಡ್‌ಬ್ಯಾಂಡ್, ಒಂದು ಶ್ರುತಿ ಪೆಟ್ಟಿಗೆ ಇದ್ದರೆ ನೀವು ಲೈವ್ ಮಾಡಿ. ಮೈಕ್ ಮಾತ್ರ ಆತುರಕ್ಕೆ ತರಿಸಬೇಡಿ. ಮೊದಲು ಆ ಸೆಟ್ಟಿಂಗ್ ಹುಡುಕಿ.