ಐದು ವರ್ಷದಿಂದ ಎಂಜಿನ್‌ಎಕ್ಸ್, ಅದೂ ಬರೀ ಕಮಾಂಡ್ ಲೈನ್‌ನಲ್ಲಿ

ದಾವಣಗೆರೆಯ ಒಂದು ಬಟ್ಟೆ ಅಂಗಡಿ ಆನ್‌ಲೈನ್‌ನಲ್ಲೂ ಸೀರೆ ಮಾರುತ್ತದೆ. ಅದರ ಸರ್ವರ್ ನೋಡಿಕೊಳ್ಳುವವನು ನಾನು. ಸರ್ವರ್ ಬಾಡಿಗೆಯದು, ಇರುವುದು ಮುಂಬೈಯಲ್ಲಿ. ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಒಳಗೆ ಬಿಡುವುದು ಎಂಜಿನ್‌ಎಕ್ಸ್ (nginx) ಅನ್ನುವ ವೆಬ್ ಸರ್ವರ್ ತಂತ್ರಾಂಶ. ಅದರ ಹಿಂದೆ ಆರ್ಡರ್ ಮತ್ತು ಪೇಮೆಂಟ್ ನೋಡುವ ಆ್ಯಪ್ ಇದೆ, ಎರಡು ಪ್ರತಿ.

ಶುರುವಿನಲ್ಲಿ ಒಂದು ಕಂಟ್ರೋಲ್ ಪ್ಯಾನಲ್, ಅಂದರೆ ಬ್ರೌಸರ್‌ನಲ್ಲೇ ಬಟನ್ ಒತ್ತಿ ಸರ್ವರ್ ನಡೆಸುವ ಪುಟ, ಹಾಕಿಕೊಂಡಿದ್ದೆ. ನೋಡೋಕೆ ಚೆನ್ನಾಗಿತ್ತು. ಒಂದು ರಾತ್ರಿ ಅದು ಅಪ್‌ಡೇಟ್ ಆಗಿ, ನಾನು ಕೈಯಾರೆ ತಿದ್ದಿದ್ದ ಕಾನ್ಫಿಗ್ (ಸೆಟ್ಟಿಂಗ್) ಫೈಲಿನ ಮೇಲೆ ತನ್ನ ಫೈಲ್ ಬರೆದುಬಿಟ್ಟಿತು. ಬೆಳಿಗ್ಗೆ ಎದ್ದು ಅದನ್ನು ಕಿತ್ತು ಹಾಕಿದೆ. ಅವತ್ತಿಂದ ದೂರದ ಸರ್ವರ್‌ಗೆ ಸುರಕ್ಷಿತ ದಾರಿಯಾದ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಕಮಾಂಡ್ ಹೊಡೆಯುವುದೇ.

ನನಗೆ ತುಂಬಾ ಹಿಡಿಸಿದ್ದು ರೀಲೋಡ್. ರೀಸ್ಟಾರ್ಟ್ ಬೇರೆ, ರೀಲೋಡ್ ಬೇರೆ: ಮೊದಲನೆಯದು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ, ಎರಡನೆಯದು ನಿಲ್ಲಿಸದೆ ಕಾನ್ಫಿಗ್ ಮತ್ತೆ ಓದಿಸುತ್ತದೆ. ಇದು ನನಗೆ ಗೊತ್ತಾಗಿದ್ದು ದೀಪಾವಳಿಯ ಹಿಂದಿನ ದಿನ. ಅಂಗಡಿಯವರು ಕಳಿಸುತ್ತಿದ್ದ ಸೀರೆ ಫೋಟೋಗಳು ಅಪ್‌ಲೋಡ್ ಆಗದೆ ಫೈಲ್ ತೀರಾ ದೊಡ್ಡದು ಅನ್ನುವ 413 ಎರರ್ ಬರುತ್ತಿತ್ತು. ಎಂಜಿನ್‌ಎಕ್ಸ್ ತಾನಾಗಿ ಒಪ್ಪುವುದು 1 ಎಂಬಿವರೆಗೆ ಮಾತ್ರ. ಅದನ್ನು 10 ಮಾಡಿದೆ, ಅವಸರದಲ್ಲಿ ರೀಸ್ಟಾರ್ಟ್ ಕೊಟ್ಟೆ. ಸಾಲಿನ ಕೊನೆಯ ಸೆಮಿಕೋಲನ್ ಬಿಟ್ಟುಹೋಗಿತ್ತು. ನಡೆಯುತ್ತಿದ್ದ ಸರ್ವರ್ ನಿಂತಿತು, ಹೊಸದು ಏಳಲಿಲ್ಲ. ಎರರ್ ತೋರಿಸಿದ ಸಾಲು ನೋಡಿದರೆ ಅಲ್ಲಿ ಏನೂ ತಪ್ಪಿಲ್ಲ! ತಪ್ಪು ಇದ್ದದ್ದು ಅದರ ಮೇಲಿನ ಸಾಲಿನಲ್ಲಿ. ಎಂಜಿನ್‌ಎಕ್ಸ್‌ನ ಈ ಚಾಳಿ ಈಗಲೂ ಇದೆ.

ಈಗ ಮೊದಲು ಎಂಜಿನ್‌ಎಕ್ಸ್ ಕಮಾಂಡಿಗೆ ಹೈಫನ್ ಟಿ (-t) ಕೊಟ್ಟು ಫೈಲ್ ಪರೀಕ್ಷೆ, ಆಮೇಲೆ ರೀಲೋಡ್. ರೀಲೋಡ್‌ನಲ್ಲಿ ಕಾನ್ಫಿಗ್ ತಪ್ಪಿದ್ದರೆ ಹಳೆಯದೇ ಮುಂದುವರಿಯುತ್ತದೆ. ಸರಿಯಿದ್ದರೆ ಹೊಸ ವರ್ಕರ್‌ಗಳು (ಕೋರಿಕೆ ನಿಭಾಯಿಸುವ ಪ್ರಕ್ರಿಯೆಗಳು) ಏಳುತ್ತವೆ, ಹಳೆಯವು ಕೈಯಲ್ಲಿದ್ದ ಕೆಲಸ ಮುಗಿಸಿ ಹೋಗುತ್ತವೆ. ಯಾರೋ ದುಡ್ಡು ಕಟ್ಟುತ್ತಿರುವಾಗ ಮಧ್ಯೆ ಕೈ ಬಿಡುವುದಿಲ್ಲ. ಹಬ್ಬದ ಸೇಲ್ ನಡೆಯುವಾಗಲೂ ಧೈರ್ಯವಾಗಿ ರೀಲೋಡ್ ಮಾಡಿದ್ದೇನೆ.

ಮರುವರ್ಷದ ಯುಗಾದಿಗೆ ಇನ್ನೊಂದು ಫಜೀತಿ. ಸಂಜೆ ಏಳಕ್ಕೆ ಯಜಮಾನರ ಫೋನು. "ತಮ್ಮಾ, ಒಬ್ಬರದ್ದು ಎರಡು ಸಲ ದುಡ್ಡು ಹೋಗೈತಿ ನೋಡಪ್ಪಾ." ಹೊಸ ಸಾಲು ಬಂದಂತೆ ತೋರಿಸುವ ಟೇಲ್ ಹೈಫನ್ ಎಫ್ (tail -f) ಕಮಾಂಡ್ ಹಾಕಿ ಲಾಗ್, ಅಂದರೆ ಸರ್ವರ್‌ನ ದಿನಚರಿ ನೋಡುತ್ತಾ ಕೂತೆ. 504, 499, ಮತ್ತೆ 504. ಹಿಂದಿನ ಆ್ಯಪ್ 60 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ಎಂಜಿನ್‌ಎಕ್ಸ್ 504 ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಗಿರಾಕಿಯೇ ಬೇಸತ್ತು ಪುಟ ಮುಚ್ಚಿದರೆ 499 ಅಂತ ಬರೆಯುತ್ತದೆ. ಆದರೆ ಹಿಂದೆ ಆ್ಯಪ್ ನಿಧಾನಕ್ಕೆ ಕೆಲಸ ಮುಗಿಸಿ ದುಡ್ಡು ತೆಗೆದುಕೊಂಡಿರುತ್ತದೆ! ಆಗಲಿಲ್ಲ ಅಂದುಕೊಂಡ ಗಿರಾಕಿ ಮತ್ತೆ ಬಟನ್ ಒತ್ತುತ್ತಾರೆ.

ಮೊದಲು ನಾನು ಬೈದದ್ದು ಎಂಜಿನ್‌ಎಕ್ಸ್‌ಗೇ. ಅದೇ ಆ ಕೋರಿಕೆಯನ್ನು ಎರಡನೇ ಪ್ರತಿಗೂ ದಾಟಿಸಿರಬೇಕು ಅಂದುಕೊಂಡಿದ್ದೆ. ಇಲ್ಲ. 1.9.13 ಆವೃತ್ತಿಯಿಂದ, ಒಮ್ಮೆ ಆ್ಯಪ್‌ಗೆ ಕಳಿಸಿಬಿಟ್ಟ ಪೋಸ್ಟ್ ಕೋರಿಕೆಯನ್ನು (ಪೇಮೆಂಟ್‌ನಂತೆ ಮಾಹಿತಿ ಸಲ್ಲಿಸುವಂಥದ್ದನ್ನು) ನಾವಾಗಿ ಹೇಳದ ಹೊರತು ಅದು ಇನ್ನೊಂದು ಕಡೆಗೆ ಕಳಿಸುವುದಿಲ್ಲ. ತಪ್ಪು ನಮ್ಮ ಆ್ಯಪ್‌ದು. ಒಂದೇ ಆರ್ಡರ್ ನಂಬರ್ ಎರಡನೇ ಸಲ ಬಂದರೆ ದುಡ್ಡು ತೆಗೆಯಬಾರದು ಅಂತ ಆ್ಯಪ್‌ನಲ್ಲಿ ತಿದ್ದಿದ ಮೇಲೆ ಆ ದೂರು ನಿಂತಿತು. ಆ ಗಿರಾಕಿಗೆ ದುಡ್ಡು ವಾಪಸ್ ಹೋಗುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು, ಆ ಕತೆ ಬೇಡ.

ಎಂಜಿನ್‌ಎಕ್ಸ್‌ನಲ್ಲಿ ಬೇಜಾರು ತರಿಸುವುದು, ಅದು ತಾನಾಗಿ ಏನನ್ನೂ ಹೇಳುವುದಿಲ್ಲ. ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸಲು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ 90 ದಿನದ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗಿ ಡಿಸ್ಕ್‌ನಲ್ಲಿ ಕೂತಿತ್ತು. ಎಂಜಿನ್‌ಎಕ್ಸ್ ಮಾತ್ರ ನೆನಪಿನಲ್ಲಿದ್ದ ಹಳೆಯದನ್ನೇ ತೋರಿಸುತ್ತಿತ್ತು. ರೀಲೋಡ್ ಆಗುವ ತನಕ ಹೊಸದನ್ನು ಓದುವುದಿಲ್ಲ. ಭಾನುವಾರ ಬೆಳಿಗ್ಗೆ ಗಿರಾಕಿಗಳಿಗೆ ಕೆಂಪು ಎಚ್ಚರಿಕೆ. ಈಗ ನವೀಕರಣದ ಬಾಲಕ್ಕೆ ರೀಲೋಡ್ ಕಟ್ಟಿದ್ದೇನೆ. ಲಾಗ್ ಕತೆಯೂ ಹೀಗೇ. ಡಿಸ್ಕ್ ತುಂಬಿತು ಅಂತ ಲಾಗ್ ಫೈಲ್ ಅಳಿಸಿದರೆ ಜಾಗ ಬರುವುದಿಲ್ಲ. ಎಂಜಿನ್‌ಎಕ್ಸ್ ಅದನ್ನು ಹಿಡಿದುಕೊಂಡೇ ಇರುತ್ತದೆ, ಲಾಗ್ ಮತ್ತೆ ತೆರೆ ಅನ್ನುವ ರೀಓಪನ್ ಕೊಟ್ಟರೆ ಬಿಡುತ್ತದೆ.

ಇಷ್ಟಾದರೂ ಪ್ಯಾನಲ್‌ಗೆ ವಾಪಸ್ ಹೋಗುವ ಮನಸ್ಸಿಲ್ಲ. ಕಾರಣ ಸುಮ್ನೆ ಒಂದು ಬಸ್ ಪ್ರಯಾಣ. ಚಿತ್ರದುರ್ಗಕ್ಕೆ ಹೊರಟಿದ್ದೆ. ಭರಮಸಾಗರ ದಾಟುವಾಗ ಫೋನು ಬಂತು, ಸೈಟ್ 502 ಅಂತಿದೆ, ಅಂದರೆ ಎಂಜಿನ್‌ಎಕ್ಸ್‌ಗೆ ಹಿಂದಿನ ಆ್ಯಪ್‌ನಿಂದ ಸರಿಯಾದ ಉತ್ತರ ಸಿಗುತ್ತಿಲ್ಲ. ಮೊಬೈಲ್‌ನಲ್ಲೇ ಎಸ್‌ಎಸ್‌ಎಚ್ ಮಾಡಿದೆ. ಸಿಗ್ನಲ್ ಎರಡು ಕಡ್ಡಿ, ಹೋಗುವುದು ಬರುವುದು. ಪ್ಯಾನಲ್‌ನ ಪುಟವೇ ತೆರೆಯುತ್ತಿರಲಿಲ್ಲ ಅನ್ಸುತ್ತೆ. ಸರ್ವರ್‌ನಲ್ಲೇ ಕಮಾಂಡ್ ಕಿಟಕಿಯನ್ನು ಜೀವಂತ ಇಡುವ ಟಿಮಕ್ಸ್ (tmux) ಹಾಕಿಕೊಂಡಿದ್ದರಿಂದ ಸಂಪರ್ಕ ಕಡಿದಾಗಲೂ ಕೆಲಸ ಅಲ್ಲೇ ಇತ್ತು. ಎರರ್ ಲಾಗ್‌ನಲ್ಲಿ ಕನೆಕ್ಷನ್ ರೆಫ್ಯೂಸ್ಡ್, ಅಂದರೆ ಆ್ಯಪ್‌ನ ಎರಡು ಪ್ರತಿಯೂ ಮಲಗಿದ್ದವು. ಎಬ್ಬಿಸಿದೆ. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರ ಕಾಣುವಷ್ಟರಲ್ಲಿ ಲಾಗ್‌ನಲ್ಲಿ 200, 200 ಅಂತ, ಅಂದರೆ ಎಲ್ಲ ಸರಿ ಅಂತ, ಸಾಲು ಓಡುತ್ತಿತ್ತು.

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಮಾಡಿದ್ದು ಆ ಸೆಮಿಕೋಲನ್‌ಗೆ.