ವಿದೇಶದ ಕಾರ್ ಬಿಡಿಭಾಗಕ್ಕೆ ಸುಂಕ: ಕೊಳ್ಳುವಾಗಲೇ ಕಟ್ಟಬೇಕೇ, ಬಂದ ಮೇಲೆ ಕಟ್ಟಬೇಕೇ?

ಹೊರದೇಶದ ಅಂಗಡಿಯಿಂದ ಆನ್‌ಲೈನ್‌ನಲ್ಲಿ ಕಾರಿನ ಬಿಡಿಭಾಗ ತರಿಸಿದಾಗ ಸುಂಕ ಕಟ್ಟಲು ನಾಲ್ಕು ದಾರಿಗಳಿವೆ. ಆರ್ಡರ್ ಹಾಕುವಾಗಲೇ ಅಂಗಡಿಗೆ ಸುಂಕ ಸೇರಿಸಿ ಕೊಡುವುದು ಒಂದು, ಇದಕ್ಕೆ ಡಿಡಿಪಿ ಅನ್ನುತ್ತಾರೆ. ಎಕ್ಸ್‌ಪ್ರೆಸ್ ಕೊರಿಯರಿನವರು ಕಸ್ಟಮ್ಸ್‌ಗೆ ತಾವೇ ಕಟ್ಟಿ ಆಮೇಲೆ ನಮ್ಮಿಂದ ವಸೂಲು ಮಾಡುವುದು ಇನ್ನೊಂದು, ಅದು ಡಿಎಪಿ. ಅಂಚೆಯಲ್ಲಿ ಬಂದ ಪಾರ್ಸೆಲ್ಲಿಗೆ ಹಣ ಕಟ್ಟಿ ಬಿಡಿಸಿಕೊಳ್ಳುವುದು ಮೂರನೆಯದು. ಎಂಜಿನ್, ಗೇರ್‌ಬಾಕ್ಸ್‌ನಂಥ ಭಾರದ ಸಾಮಾನಾದರೆ ಹಡಗಿನಲ್ಲಿ ತರಿಸಿ ಕಸ್ಟಮ್ಸ್ ಏಜೆಂಟ್ ಕೈಲಿ ಬಿಡಿಸುವುದು ಕೊನೆಯದು. ಸುಂಕದ ದರ ಸಾಮಾನ್ಯವಾಗಿ ಎಲ್ಲದರಲ್ಲೂ ಒಂದೇ. ಆದರೂ ಕೈಯಿಂದ ಹೋಗುವ ಹಣ ಒಂದೇ ಅಲ್ಲ. ಸಾಮಾನು ಏನು, ಬೆಲೆ ಎಷ್ಟು ಎಂದು ಕಸ್ಟಮ್ಸ್‌ಗೆ ತಿಳಿಸುವ ಘೋಷಣಾ ಪತ್ರ ಯಾರು ತುಂಬುತ್ತಾರೆ, ಏನೆಂದು ತುಂಬುತ್ತಾರೆ ಎಂಬುದೇ ವ್ಯತ್ಯಾಸಕ್ಕೆ ಮೂಲ. ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಾವು ಮೊದಲು ಗಮನಿಸುವುದು ಇದನ್ನೇ.

ಮೊದಲು ಲೆಕ್ಕ. ಬಹಳಷ್ಟು ದೇಶಗಳಲ್ಲಿ ಸುಂಕ ಬೀಳುವುದು ಪಾರ್ಟಿನ ಬೆಲೆಯ ಮೇಲಷ್ಟೇ ಅಲ್ಲ, ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಇದಕ್ಕೆ ಹೊರತು, ಅಲ್ಲಿ ಸುಂಕಕ್ಕೆ ಅಂತರರಾಷ್ಟ್ರೀಯ ಸಾಗಣೆ ವೆಚ್ಚ ಸೇರುವುದಿಲ್ಲ. ಸುಂಕ ಸೇರಿದ ಮೇಲೆ ಬಂದ ಮೊತ್ತದ ಮೇಲೆ ಮತ್ತೆ ಮಾರಾಟ ತೆರಿಗೆ. ಪಾರ್ಟಿನ ಬೆಲೆ 200, ಸಾಗಣೆ 50, ಸುಂಕ ಶೇ. 10, ತೆರಿಗೆ ಶೇ. 20 ಎಂದು ಹಿಡಿಯಿರಿ. 250ಕ್ಕೆ ಸುಂಕ 25, ಆಮೇಲೆ 275ಕ್ಕೆ ತೆರಿಗೆ 55, ಒಟ್ಟು 80. ಇದೇ ಲೆಕ್ಕದಲ್ಲಿ, ಅಂಚೆಗಿಂತ ಕೊರಿಯರ್ 30 ದುಬಾರಿ ಅಂದರೆ ನಿಜವಾದ ಹೆಚ್ಚಳ 30 ಅಲ್ಲ, 39.6. ಸಾಗಣೆ ದರ ಹೋಲಿಸುವಾಗ ಈ ಬಾಲವನ್ನು ಹೆಚ್ಚಿನವರು ಮರೆಯುತ್ತಾರೆ. ಇನ್ನೊಂದು ವಿಷಯ: ಕಸ್ಟಮ್ಸ್‌ನವರು ತಮ್ಮದೇ ವಿನಿಮಯ ದರ ಹಿಡಿಯುತ್ತಾರೆ, ನಮ್ಮ ಕಾರ್ಡಿನ ದರವನ್ನಲ್ಲ. ಹಾಗಾಗಿ ಮೊತ್ತ ಸ್ವಲ್ಪ ಆಚೀಚೆ ಆದರೆ ಗಾಬರಿ ಬೇಡ.

ಡಿಡಿಪಿಯ ಸುಖ ದೊಡ್ಡದು. ಪಾರ್ಸೆಲ್ ನೇರ ಮನೆಗೆ ಬರುತ್ತದೆ, ಮಧ್ಯೆ ಯಾರೂ ಫೋನ್ ಮಾಡಿ ಹಣ ಕೇಳುವುದಿಲ್ಲ. ಆದರೆ ಆರ್ಡರ್ ಪುಟದಲ್ಲಿ ಕಾಣುವ ಸುಂಕ ಎಷ್ಟೋ ಸಲ ಅಂದಾಜಿನದು. ಅಂಗಡಿಯ ಪಟ್ಟಿಯಲ್ಲಿ ಎಲ್ಲ ಸಾಮಾನೂ 'ಆಟೋ ಪಾರ್ಟ್ಸ್' ಎಂಬ ಒಂದೇ ಕೋಡಿನಡಿ ಇದ್ದರೆ, ಕಡಿಮೆ ದರದ ಪಾರ್ಟಿಗೂ ಹೆಚ್ಚಿನ ದರವೇ ಬೀಳಬಹುದು. ಹೆಚ್ಚು ಕಟ್ಟಿದ್ದು ವಾಪಸ್ ಬರುತ್ತದೆಯೋ ಇಲ್ಲವೋ ಅಂಗಡಿಯ ಷರತ್ತನ್ನು ಅವಲಂಬಿಸಿದೆ, ಅದನ್ನು ಮೊದಲೇ ಓದಿಕೊಳ್ಳಿ. ಸುಂಕ ಕಟ್ಟಿದ ರಸೀದಿಯೂ ಹಲವು ಸಲ ನಮ್ಮ ಹೆಸರಲ್ಲಿ ಇರುವುದಿಲ್ಲ. ಪಾರ್ಟು ವಾಪಸ್ ಕಳಿಸಬೇಕಾಗಿ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಅಗ್ಗದ, ವಾಪಸ್ ಕಳಿಸುವ ಪ್ರಮೇಯವೇ ಬಾರದ ಸಾಮಾನಿಗೆ, ಅಂದರೆ ಬುಷ್, ಕ್ಲಿಪ್, ಫಿಲ್ಟರ್‌ಗೆ, ಡಿಡಿಪಿ ಒಳ್ಳೆಯದು.

ನಮ್ಮ ಮೆಚ್ಚಿನ ದಾರಿ ಕೊರಿಯರ್ ಡಿಎಪಿ. ಕಾರಣ ಒಂದೇ: ಪಾರ್ಸೆಲ್ ಇಳಿಯುವ ಮುಂಚೆ ಕಾಗದ ತಿದ್ದಿಸಲು ಅವಕಾಶ ಇದೆ. ಅದಕ್ಕೆ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸಾಮಾನನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ, ಗೊತ್ತಿರಬೇಕು. ಮೊದಲ ಆರು ಅಂಕಿಗಳು ಈ ಪದ್ಧತಿ ಬಳಸುವ ದೇಶಗಳಲ್ಲೆಲ್ಲ ಒಂದೇ. ಕಾರಿನ ಪಾರ್ಟು ಅಂದ ಕೂಡಲೇ ಎಲ್ಲರೂ 8708 ಬರೆದುಬಿಡುತ್ತಾರೆ, ಅಲ್ಲೇ ತಪ್ಪು. ಬ್ರೇಕ್ ಡಿಸ್ಕ್, ಪ್ಯಾಡ್ 8708.30ರಲ್ಲಿ, ಶಾಕ್ ಅಬ್ಸಾರ್ಬರ್ 8708.80ರಲ್ಲಿ ಬರುವುದು ನಿಜ. ಆದರೆ ಸ್ಪಾರ್ಕ್ ಪ್ಲಗ್ 8511.10, ಹೆಡ್‌ಲೈಟ್ 8512.20, ಆಯಿಲ್ ಫಿಲ್ಟರ್ 8421.23, ವಾಟರ್ ಪಂಪ್ 8413.30, ಬದಿಯ ಕನ್ನಡಿ 7009.10, ಬಾಲ್ ಬೇರಿಂಗ್ 8482.10. ಪ್ರತಿಯೊಂದಕ್ಕೂ ದರ ಬೇರೆ ಇರಬಹುದು. ನಿಮ್ಮ ದೇಶದ ಸುಂಕ ಪಟ್ಟಿಯಲ್ಲಿ 8708ರ ದರ, ಪಾರ್ಟಿನ ಸರಿಯಾದ ಕೋಡಿನ ದರ ಎರಡನ್ನೂ ಹುಡುಕಿ ಹೋಲಿಸಿ ನೋಡಿ.

ಇನ್‌ವಾಯ್ಸ್‌ನ ಒಂದು ಸಾಲು ಹೇಗಿರಬೇಕು? 'ಆಟೋ ಪಾರ್ಟ್ಸ್, 1 ಸೆಟ್' ಅಂತಿದ್ದರೆ ಕೊರಿಯರಿನ ಗುಮಾಸ್ತ ಊಹೆ ಮಾಡುತ್ತಾನೆ, ಇಲ್ಲವೇ ಪಾರ್ಸೆಲ್ ತಡೆಹಿಡಿದು ವಿವರ ಕೇಳುತ್ತಾನೆ. 'ಮುಂದಿನ ಚಕ್ರದ ಬ್ರೇಕ್ ಡಿಸ್ಕ್, ಎರಕದ ಕಬ್ಬಿಣ, 2 ನಗ, ಪಾರ್ಟ್ ನಂಬರ್, ಒಂದರ ಬೆಲೆ, ತಯಾರಾದ ದೇಶ, 8708.30' ಅಂತಿದ್ದರೆ ಕೇಳಲು ಏನೂ ಉಳಿಯುವುದಿಲ್ಲ. ತಯಾರಾದ ದೇಶ ಅಂದರೆ ಕಳಿಸಿದ ದೇಶ ಅಲ್ಲ. ಜಪಾನಿನಲ್ಲಿ ತಯಾರಾದ ಆಲ್ಟರ್ನೇಟರ್ ಜರ್ಮನಿಯ ಗೋದಾಮಿನಿಂದ ಬಂದರೂ ಅದು ಜಪಾನಿನದೇ, ಜರ್ಮನಿ ಸೇರಿರುವ ಐರೋಪ್ಯ ಒಕ್ಕೂಟದ ಜತೆಗಿನ ವ್ಯಾಪಾರ ಒಪ್ಪಂದದ ರಿಯಾಯಿತಿ ಅದಕ್ಕೆ ಸಿಗದು. ಟ್ರ್ಯಾಕಿಂಗ್ ನಂಬರ್ ಬಂದ ದಿನವೇ ಈ ವಿವರ, ಹಣ ಕಟ್ಟಿದ ಪುರಾವೆ, ನಿಮ್ಮ ಗುರುತಿನ ಅಥವಾ ತೆರಿಗೆ ನಂಬರ್ ಮೂರನ್ನೂ ಕೊರಿಯರಿನ ಕಸ್ಟಮ್ಸ್ ವಿಭಾಗಕ್ಕೆ ಮೇಲ್ ಮಾಡಿ. ಸಾಮಾನು ಬಿಡುಗಡೆಯಾದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಓಡಾಟ.

ಕೊರಿಯರಿನ ಕೊರತೆ ಎರಡು. ನಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಅವರು ಸೇವಾ ಶುಲ್ಕ ಹಾಕುತ್ತಾರೆ, ಅದಕ್ಕೊಂದು ಕನಿಷ್ಠ ಮೊತ್ತ ಇರುತ್ತದೆ. ಹಾಗಾಗಿ ಚಿಕ್ಕ ಪಾರ್ಟಿಗೆ ಸುಂಕಕ್ಕಿಂತ ಈ ಶುಲ್ಕವೇ ದೊಡ್ಡದಾಗಬಹುದು. ಅಂಗಡಿಯವರು ಒಂದು ಆರ್ಡರನ್ನು ಮೂರು ದಿನ ಮೂರು ಪೆಟ್ಟಿಗೆಯಲ್ಲಿ ಕಳಿಸಿದರೆ ಮೂರು ಸಲ ಶುಲ್ಕ. 'ಎಲ್ಲ ಸೇರಿದ ಮೇಲೆ ಒಟ್ಟಿಗೇ ಕಳಿಸಿ' ಎಂದು ಬರೆದು ಹೇಳಿ. ಎರಡನೆಯದು ಗಾತ್ರದ ತೂಕ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಎಕ್ಸ್‌ಪ್ರೆಸ್‌ನ ಸಾಮಾನ್ಯ ಲೆಕ್ಕ. 150, 50, 40ರ ಪೆಟ್ಟಿಗೆಯಲ್ಲಿ ಬಂಪರ್ ಬಂದರೆ ತಕ್ಕಡಿಯಲ್ಲಿ ಎಷ್ಟೇ ಹಗುರವಿದ್ದರೂ 60 ಕೆ.ಜಿ.ಗೆ ಬಿಲ್ಲು. ಆ ಸಾಗಣೆಯ ಮೇಲೆ ಮತ್ತೆ ಸುಂಕ.

ಅಂಚೆ ಅಗ್ಗ, ಬಿಡಿಸುವ ಶುಲ್ಕವೂ ಸಾಮಾನ್ಯವಾಗಿ ಕೊರಿಯರಿಗಿಂತ ಕಡಿಮೆ. ಆದರೆ ಇಲ್ಲಿ ನಮಗೆ ಮಾತಾಡಲು ಅವಕಾಶ ಕಡಿಮೆ. ಪೆಟ್ಟಿಗೆಗೆ ಅಂಟಿಸಿದ ಸಿಎನ್ 22 ಅಥವಾ ಸಿಎನ್ 23 ಎಂಬ ಅಂಚೆಯ ಕಸ್ಟಮ್ಸ್ ಘೋಷಣೆ ಚೀಟಿಯಲ್ಲಿ ಕಳಿಸಿದವನು ಏನು ಗೀಚಿದನೋ ಅದೇ ಆಧಾರ. ಇನ್‌ವಾಯ್ಸ್ ಪ್ರತಿಯನ್ನು ಪೆಟ್ಟಿಗೆಯ ಹೊರಗೆ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಲು ಹೇಳಿ. ಬೆಲೆ ಕಡಿಮೆ ಬರೆಸುವುದು, 'ಉಡುಗೊರೆ' ಅನ್ನಿಸುವುದು ಬೇಡವೇ ಬೇಡ. ಸಿಕ್ಕಿಬಿದ್ದರೆ ದಂಡ, ದಾರಿಯಲ್ಲಿ ಕಳೆದರೆ ಪರಿಹಾರವೂ ಆ ಸುಳ್ಳು ಬೆಲೆಗೇ. ಏರ್‌ಬ್ಯಾಗ್, ಅಪಘಾತದಲ್ಲಿ ಬೆಲ್ಟನ್ನು ಬಿಗಿಮಾಡುವ ಸೀಟ್‌ಬೆಲ್ಟ್ ಪ್ರಿಟೆನ್ಷನರ್ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಯುಎನ್ 3268 ಸಂಖ್ಯೆಯ ಅಪಾಯಕಾರಿ ಸರಕು, ಇವನ್ನು ಅಂಚೆಗೆ ಹಾಕಿಸಬೇಡಿ.

ಹಡಗಿನ ದಾರಿಯಲ್ಲಿ ಸಾಗಣೆ ದರ ನೋಡಿ ಮರುಳಾಗಬಾರದು. ಬಂದರಿನ ನಿರ್ವಹಣೆ, ಡೆಲಿವರಿ ಆರ್ಡರ್ (ಸರಕು ಬಿಟ್ಟುಕೊಡುವ ಪತ್ರ), ಏಜೆಂಟನ ಫೀಸು, ಉಚಿತ ದಿನ ಮುಗಿದ ಮೇಲೆ ಗೋದಾಮಿನ ಬಾಡಿಗೆ, ಇವೆಲ್ಲ ಬಂದರಿನಲ್ಲೇ ಕಾದಿರುತ್ತವೆ. ಆರ್ಡರಿಗೆ ಮುಂಚೆಯೇ ಇವುಗಳ ಪೂರ್ತಿ ಪಟ್ಟಿಯನ್ನು ಬರಹದಲ್ಲಿ ತರಿಸಿಕೊಳ್ಳಿ. ಮರದ ಕ್ರೇಟ್ ಮೇಲೆ ಐಎಸ್‌ಪಿಎಂ 15 ಮುದ್ರೆ, ಅಂದರೆ ಮರದಲ್ಲಿ ಕೀಟ ಇರದಂತೆ ಸಂಸ್ಕರಿಸಿದ್ದರ ಗುರುತು, ಇಲ್ಲದಿದ್ದರೆ ಎಂಜಿನ್ ಸರಿಯಿದ್ದರೂ ಕ್ರೇಟಿನ ದೆಸೆಯಿಂದ ಸರಕು ನಿಲ್ಲುತ್ತದೆ. ಹಳೆಯ ಎಂಜಿನ್ನಾದರೆ ಆಯಿಲ್ ಪೂರ್ತಿ ಇಳಿಸಿ, ಮಣ್ಣು ತೊಳೆಸಿ ಕಳಿಸಬೇಕು. ಬಳಸಿದ ಪಾರ್ಟಿಗೆ ನಿಮ್ಮ ದೇಶದಲ್ಲಿ ಪರವಾನಗಿ ಬೇಕೋ ಎಂದು ಏಜೆಂಟನ್ನು ಮೊದಲೇ ಕೇಳಿ.

ಹಳೆಯ ಆಲ್ಟರ್ನೇಟರ್ ಮರಳಿಸಿದರೆ ವಾಪಸ್ ಕೊಡುವ ಕೋರ್ ಠೇವಣಿಯನ್ನು ಬೆಲೆಗೆ ಸೇರಿಸಿ ಒಂದೇ ಸಾಲಿನಲ್ಲಿ ಬರೆದರೆ ಅದಕ್ಕೂ ಸುಂಕ ಬೀಳುತ್ತದೆ. ಬೇರೆ ಸಾಲಿನಲ್ಲಿ ತೋರಿಸಲು ಹೇಳಿ. ವಾರಂಟಿಯಲ್ಲಿ ಪುಕ್ಕಟೆ ಬರುವ ಪಾರ್ಟಿಗೆ ಸೊನ್ನೆ ಬೆಲೆ ಬರೆದರೆ ಕಸ್ಟಮ್ಸ್ ಒಪ್ಪುವುದಿಲ್ಲ, ನಿಜ ಬೆಲೆ ಬರೆಸಿ. ತಪ್ಪು ಪಾರ್ಟು ಬಂದು ವಾಪಸ್ ಕಳಿಸುವುದಾದರೆ ಅವಸರ ಮಾಡಬೇಡಿ. ಮೊದಲು ಸುಂಕ ವಾಪಸಾತಿಯ ನಿಯಮ ಓದಿ, ಪಾರ್ಟ್ ನಂಬರ್ ಕಾಣುವಂತೆ ಫೋಟೊ ತೆಗೆದು, ಆಮದು ಘೋಷಣೆಯ ನಂಬರನ್ನು ವಾಪಸಾತಿ ಇನ್‌ವಾಯ್ಸ್‌ನಲ್ಲಿ ನಮೂದಿಸಿ, ರಫ್ತಿನ ರಸೀದಿ ಸಿಗುವ ಸೇವೆಯಲ್ಲೇ ಕಳಿಸಿ. ಆ ರಸೀದಿ ಇಲ್ಲದೆ ಸುಂಕ ವಾಪಸ್ ಕೇಳುವುದು ಕಷ್ಟ.